ಎಷ್ಟು ಹೊತ್ತು ಆಡ್ತೀಯ ಅಂತಲ್ಲ, ಯಾಕೆ ಆಡ್ತೀಯ ಅಂತ ಕೇಳೋಣ

(ಕಾಲೇಜು ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಪೋಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

1978ನೇ ಇಸವಿ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯ. ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಅಲ್ಲಿನ ದೊಡ್ಡ ಕಂಪ್ಯೂಟರಿನಲ್ಲಿ ಒಂದು ಆಟ ಬರೆಯಲು ಕೂತರು. ರಿಚರ್ಡ್ ಬಾರ್ಟಲ್ ಎಂಬ ಇನ್ನೊಬ್ಬ ವಿದ್ಯಾರ್ಥಿ ಜೊತೆ ಸೇರಿದರು. ಆಟದ ಹೆಸರು ಮಡ್. ಚಿತ್ರ ಇಲ್ಲ, ಸದ್ದು ಇಲ್ಲ, ಪರದೆ ಮೇಲೆ ಬರೀ ಅಕ್ಷರ. ಉತ್ತರಕ್ಕೆ ಹೋಗು ಎಂದು ಟೈಪ್ ಮಾಡಿದರೆ ಅಲ್ಲಿ ಏನೇನಿದೆ ಎಂಬ ವಿವರಣೆ ಮೂಡುತ್ತಿತ್ತು, ಅಷ್ಟೆ. ಆದರೂ ಅದರಲ್ಲಿ ಒಂದು ಹೊಸ ವಿಷಯ ಇತ್ತು. ಬೇರೆ ಬೇರೆ ಕಡೆ ಕೂತವರು ಅದೇ ಹೊತ್ತಿಗೆ ಒಂದೇ ಲೋಕದೊಳಗೆ ಓಡಾಡಬಹುದಿತ್ತು, ಮಾತಾಡಬಹುದಿತ್ತು, ಒಬ್ಬರ ಮೇಲೊಬ್ಬರು ಬೀಳಬಹುದಿತ್ತು. ಮುಂದೆ ಹೊರಗಿನವರಿಗೂ ಆಡಲು ಬಿಟ್ಟರು. ಆದರೆ ವಿಶ್ವವಿದ್ಯಾಲಯಕ್ಕೆ ಆ ಯಂತ್ರ ಬೇಡವಾದ ಹೊತ್ತಿನಲ್ಲಿ ಮಾತ್ರ. ಅಂದರೆ ರಾತ್ರಿ.

ಹಾಗಾಗಿ ನಿದ್ದೆಗೆಟ್ಟು ಆನ್‌ಲೈನ್ ಆಟ ಆಡುವುದು ಮೊಬೈಲ್ ಬಂದ ಮೇಲೆ ಶುರುವಾದ ಚಾಳಿ ಅಲ್ಲ. ಈ ಬಗೆಯ ಆಟ ಹುಟ್ಟಿದ್ದೇ ಕಾಲೇಜಿನಲ್ಲಿ, ಕಾಲೇಜು ಹುಡುಗರ ಕೈಯಲ್ಲಿ. ಇದನ್ನು ಇವತ್ತು ಮೊದಲೇ ಹೇಳುವುದಕ್ಕೆ ಕಾರಣ ಇದೆ. ಇಂಥ ಸಭೆಗಳಲ್ಲಿ ಸಾಮಾನ್ಯವಾಗಿ ಮಾತು ಶುರುವಾಗುವುದು 'ಈಗಿನ ಹುಡುಗರು' ಎಂಬ ದೂರಿನಿಂದ. ದೂರಿನಿಂದ ಶುರುವಾದ ಮಾತು ದೂರಿನಲ್ಲೇ ಮುಗಿಯುತ್ತದೆ. ಎದುರಿಗೆ ಕೂತ ಹುಡುಗ, ಹುಡುಗಿ ಕಿವಿ ಮುಚ್ಚಿಕೊಳ್ಳುತ್ತಾರೆ. ಅದು ನನಗೆ ಬೇಡ.

ಬಾರ್ಟಲ್ ಆಟ ಬರೆದು ಸುಮ್ಮನಾಗಲಿಲ್ಲ. ಆಡುವವರನ್ನು ವರ್ಷಗಟ್ಟಲೆ ಗಮನಿಸಿದರು. ಈ ಆಟದಿಂದ ನಿಮಗೆ ಬೇಕಾದದ್ದಾದರೂ ಏನು ಎಂಬ ಪ್ರಶ್ನೆ ಮೇಲೆ ಹಳೆಯ ಆಟಗಾರರ ನಡುವೆ ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಅದನ್ನೆಲ್ಲ ಸೋಸಿ 1996ರಲ್ಲಿ ಒಂದು ಪ್ರಬಂಧ ಬರೆದರು. ಆಟಗಾರರಲ್ಲಿ ನಾಲ್ಕು ಬಗೆ ಎಂದರು. ಅಂಕ, ಮಟ್ಟ, ಸಂಪತ್ತು ಗಳಿಸಲು ಬರುವವರು. ಮೂಲೆ ಮೂಲೆ ಜಾಲಾಡಿ ಆಟ ಹೇಗೆ ಕಟ್ಟಿದ್ದಾರೆ ಎಂದು ತಿಳಿಯಲು ಬರುವವರು. ಜನರ ಜೊತೆ ಬೆರೆಯಲು ಬರುವವರು. ಕೊನೆಗೆ, ಬೇರೆ ಆಟಗಾರರನ್ನು ಹೊಡೆದು ಕಾಡಿಸಿ ಸಂತೋಷ ಪಡುವವರು. ಇಸ್ಪೀಟಿನ ನಾಲ್ಕು ಗುರುತುಗಳನ್ನೇ ಈ ನಾಲ್ಕು ಬಗೆಗೆ ಕೊಟ್ಟರು.

ಈ ವಿಂಗಡಣೆ ಎಷ್ಟು ಜನಪ್ರಿಯ ಆಯಿತೆಂದರೆ, ಇವತ್ತಿಗೂ ನೀವು ಯಾವ ಬಗೆಯ ಗೇಮರ್ ಎಂದು ಹೇಳುವ ಕ್ವಿಜ್‌ಗಳು ಓಡಾಡುತ್ತಿವೆ. ಆದರೆ ಬಾರ್ಟಲ್ ಅದನ್ನು ವ್ಯಕ್ತಿತ್ವ ಪರೀಕ್ಷೆ ಮಾಡಬೇಕೆಂದು ಬರೆದದ್ದಲ್ಲ. ಅಂಕಿ ಅಂಶ ಇಟ್ಟುಕೊಂಡು ಮಾಡಿದ ಸಂಶೋಧನೆಯೂ ಅಲ್ಲ. ಅವರು ಕಂಡುಕೊಂಡದ್ದು ಇನ್ನೂ ಸರಳವಾದದ್ದು, ನನ್ನ ಪ್ರಕಾರ ಇನ್ನೂ ದೊಡ್ಡದು: ಒಂದೇ ಆಟಕ್ಕೆ ಬಂದವರೆಲ್ಲ ಒಂದೇ ಕಾರಣಕ್ಕೆ ಬಂದಿರುವುದಿಲ್ಲ.

ಇವತ್ತು ನಾನು ಹೇಳಬೇಕೆಂದಿರುವುದೂ ಇದನ್ನೇ. ವಿದ್ಯಾರ್ಥಿಯೊಬ್ಬ ಎಷ್ಟು ಹೊತ್ತು ಆಡುತ್ತಾನೆ ಎಂಬುದರಿಂದ ಅವನ ಬಗ್ಗೆ ತಿಳಿಯುವುದು ತುಂಬಾ ಕಡಿಮೆ. ಅವನ ಸ್ವಭಾವ ಎಂಥದ್ದು ಎಂಬುದರಿಂದ ಇನ್ನೊಂದಿಷ್ಟು ತಿಳಿಯುತ್ತದೆ. ಯಾಕೆ ಆಡುತ್ತಾನೆ ಎಂದು ಗೊತ್ತಾದರೆ ಮಾತ್ರ ವಿಷಯ ಕೈಗೆ ಸಿಗುತ್ತದೆ.

ಹಾಸ್ಟೆಲಿನ ಒಂದು ಕೋಣೆ ಊಹಿಸಿಕೊಳ್ಳಿ. ರಾತ್ರಿ ಹನ್ನೊಂದೂವರೆ. ನಾಲ್ಕು ಮಂಚ, ನಾಲ್ಕು ಹುಡುಗರು, ನಾಲ್ಕು ಹೆಡ್‌ಫೋನು. ನಾಲ್ವರೂ ಒಂದೇ ಬ್ಯಾಟಲ್ ರಾಯಲ್ ಆಟ, ಅಂದರೆ ಕೊನೆಗೆ ಉಳಿದವರೇ ಗೆಲ್ಲುವ ಹೊಡೆದಾಟದ ಆಟ ಆಡುತ್ತಿದ್ದಾರೆ. ನಾಲ್ವರೂ ಮೂರು ಗಂಟೆಯಿಂದ ಆಡುತ್ತಿದ್ದಾರೆ.

ಮೊದಲನೆಯವನು ರ್ಯಾಂಕ್ ಪುಶ್ ಮಾಡುತ್ತಿದ್ದಾನೆ. ಸೀಸನ್ ಮುಗಿಯುವುದರೊಳಗೆ ಮೇಲಿನ ಶ್ರೇಣಿ ಮುಟ್ಟಬೇಕು. ಸೋತರೆ ಮುಖ ಕೆಂಪಾಗುತ್ತದೆ, ಗೆದ್ದರೆ ಸ್ಕ್ರೀನ್‌ಶಾಟ್ ಹೋಗುತ್ತದೆ.

ಎರಡನೆಯವನಿಗೆ ಸ್ಕೋರಿನ ಚಿಂತೆಯೇ ಇಲ್ಲ. ಅವನ ಸ್ಕ್ವಾಡ್‌ನಲ್ಲಿ, ಅಂದರೆ ಆಟದ ತಂಡದಲ್ಲಿ ಇರುವವರೆಲ್ಲ ಶಾಲೆಯ ಗೆಳೆಯರು. ಪಿಯುಸಿ ಮುಗಿದ ಮೇಲೆ ಒಬ್ಬೊಬ್ಬ ಒಂದೊಂದು ಕಾಲೇಜು ಸೇರಿದ್ದಾನೆ. ಗುಂಡು ಹಾರುವ ಸದ್ದಿನ ನಡುವೆಯೇ 'ನಿಮ್ಮ ಅಮ್ಮನ ಕಾಲು ನೋವು ಹೇಗಿದೆಯೋ' ಅಂತ ಕೇಳುತ್ತಾನೆ. ಸುಮ್ಮನೆ ಫೋನ್ ಮಾಡಿ ಇದನ್ನು ಕೇಳಲು ಈ ವಯಸ್ಸಿನ ಹುಡುಗರಿಗೆ ಸಂಕೋಚ. ಆಟದ ನೆಪದಲ್ಲಿ ಸಲೀಸಾಗಿ ಕೇಳಿಬಿಡುತ್ತಾರೆ.

ಮೂರನೆಯವನು ಯಾವ ಚಾವಣಿ ಮೇಲೆ ಹತ್ತಬಹುದು, ಯಾವ ಗಾಡಿ ಎಷ್ಟು ಎತ್ತರದಿಂದ ಬಿದ್ದರೆ ಒಡೆಯುತ್ತದೆ ಎಂದು ನೋಡುತ್ತಾ ತಿರುಗುತ್ತಿದ್ದಾನೆ. ಟೀಮಿನವರು ಬೈತಿದ್ದಾರೆ. ಅವನಿಗೆ ಅದರ ಪರಿವೆಯೇ ಇಲ್ಲ.

ನಾಲ್ಕನೆಯವನ ಮೈಕ್ ಆಫ್ ಆಗಿದೆ. ಗುರುತಿಲ್ಲದವರ ಜೊತೆ ಆಡುತ್ತಿದ್ದಾನೆ. ಗೆದ್ದರೂ ಒಂದೇ, ಸೋತರೂ ಒಂದೇ. ಸೆಮಿಸ್ಟರಿನಲ್ಲಿ ಎರಡು ಪೇಪರ್ ಹೋಗಿದೆ. ಮನೆಯಲ್ಲಿ ಹೇಳಿಲ್ಲ, ರೂಮ್‌ಮೇಟ್‌ಗಳಿಗೂ ಹೇಳಿಲ್ಲ. ಒಂದು ಮ್ಯಾಚ್ ಮುಗಿದ ತಕ್ಷಣ ಇನ್ನೊಂದಕ್ಕೆ ಒತ್ತುತ್ತಾನೆ. ನಡುವೆ ಲಾಬಿಯಲ್ಲಿ ಕಾಯಬೇಕಾದ ಆ ಅರ್ಧ ನಿಮಿಷ ಇದೆಯಲ್ಲ, ಅದೇ ಅವನಿಗೆ ತಡೆಯಲಾಗದ್ದು. ಆ ಅರ್ಧ ನಿಮಿಷದಲ್ಲಿ ಪೇಪರ್ ನೆನಪಾಗುತ್ತದೆ.

ಕಾರಿಡಾರಿನಲ್ಲಿ ಹೋಗುವ ವಾರ್ಡನ್‌ಗೆ ಕಾಣುವುದು ಒಂದೇ ದೃಶ್ಯ: ನಾಲ್ಕು ಜನ, ಮೂರು ಗಂಟೆ, ಫೋನು. ಗಂಟೆ ಲೆಕ್ಕ ಇಟ್ಟ ಯಾವ ಪಟ್ಟಿಯಲ್ಲೂ ನಾಲ್ಕನೆಯವನು ಬೇರೆಯಾಗಿ ಕಾಣುವುದಿಲ್ಲ.

ಈಗ ಸ್ವಭಾವದ ಕಡೆ ಬರೋಣ. ಮನಶ್ಶಾಸ್ತ್ರದಲ್ಲಿ ಇವತ್ತು ಹೆಚ್ಚು ಬಳಕೆಯಲ್ಲಿರುವುದು ಐದು ಗುಣಗಳ ಅಳತೆ. ಇದರ ಬೇರು ಹಳೆಯದು. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್‌ಬರ್ಟ್ ಇಂಗ್ಲಿಷ್ ನಿಘಂಟು ಹಿಡಿದು, ಮನುಷ್ಯರನ್ನು ಬಣ್ಣಿಸುವ ಸುಮಾರು 18,000 ಪದಗಳನ್ನು ಹೆಕ್ಕಿದರು. ಮುಂದೆ ಬಂದವರು ಅದನ್ನು ಅರೆದು ಅರೆದು ಐದಕ್ಕೆ ತಂದು ನಿಲ್ಲಿಸಿದರು. ಹೊಸದಕ್ಕೆ ಮನಸ್ಸು ಎಷ್ಟು ತೆರೆದಿದೆ, ಎಷ್ಟು ಅಚ್ಚುಕಟ್ಟು, ಜನರ ನಡುವೆ ಎಷ್ಟು ಹುಮ್ಮಸ್ಸು, ಇತರರ ಜೊತೆ ಎಷ್ಟು ಹೊಂದಿಕೊಳ್ಳುತ್ತಾರೆ, ಎಷ್ಟು ಬೇಗ ಕಳವಳ ಪಡುತ್ತಾರೆ, ಈ ಐದು. ಒಬ್ಬರನ್ನು ಒಂದು ಡಬ್ಬಿಗೆ ಹಾಕುವ ಲೆಕ್ಕ ಇದಲ್ಲ. ಪ್ರತಿಯೊಬ್ಬರಲ್ಲೂ ಐದೂ ಇರುತ್ತವೆ, ಪ್ರಮಾಣ ಮಾತ್ರ ಬೇರೆ.

ಕಾಲೇಜು ವಿದ್ಯಾರ್ಥಿಗಳ ಮೇಲೆ ಈ ಅಳತೆ ಇಟ್ಟು ಬೇಕಾದಷ್ಟು ಅಧ್ಯಯನ ನಡೆದಿವೆ. ಅಚ್ಚುಕಟ್ಟು ಕಡಿಮೆ ಇರುವವರಲ್ಲಿ, ಕಳವಳ ಜಾಸ್ತಿ ಇರುವವರಲ್ಲಿ ಆಟ ಹಿಡಿತ ತಪ್ಪುವ ಸಾಧ್ಯತೆ ಸ್ವಲ್ಪ ಹೆಚ್ಚು ಎಂಬುದು ಮತ್ತೆ ಮತ್ತೆ ಕಂಡುಬಂದಿದೆ. ಮಿತಭಾಷಿಗಳೇ ಜಾಸ್ತಿ ಆಡುತ್ತಾರೆ ಎಂಬ ನಂಬಿಕೆಗೆ ಅಂಥ ಗಟ್ಟಿ ಆಧಾರ ಸಿಕ್ಕಿಲ್ಲ. ಕೆಲವು ಕಡೆ ಹೌದು, ಕೆಲವು ಕಡೆ ಅಲ್ಲ.

'ಸ್ವಲ್ಪ ಹೆಚ್ಚು' ಎಂದೆ, ಗಮನಿಸಿ. 1968ರಲ್ಲಿ ವಾಲ್ಟರ್ ಮಿಶೆಲ್ ಎಂಬ ಮನಶ್ಶಾಸ್ತ್ರಜ್ಞ ಒಂದು ಕಹಿ ಸತ್ಯ ಎತ್ತಿ ತೋರಿಸಿದರು. ಗುಣದ ಅಳತೆಗೂ ಒಂದು ನಿರ್ದಿಷ್ಟ ಸಂದರ್ಭದಲ್ಲಿ ಮನುಷ್ಯ ನಡೆದುಕೊಳ್ಳುವ ರೀತಿಗೂ ಇರುವ ಸಂಬಂಧ (ಏನೂ ಇಲ್ಲದಿದ್ದರೆ 0, ಪೂರ್ತಿ ಇದ್ದರೆ 1) 0.30ರ ಆಸುಪಾಸು ಬಂದು ನಿಂತುಬಿಡುತ್ತದೆ ಎಂದರು. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ ಲೆಕ್ಕ ಹಾಕಿದರೆ, ಜನರ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ 100ಕ್ಕೆ ಸುಮಾರು 9 ಪಾಲನ್ನು ಮಾತ್ರ ಆ ಗುಣ ವಿವರಿಸುತ್ತದೆ. ಈ ಬಗ್ಗೆ ಆಮೇಲೆ ದೊಡ್ಡ ವಾದವೇ ನಡೆಯಿತು. ಹಲವು ಸಂದರ್ಭಗಳ ಸರಾಸರಿ ತೆಗೆದರೆ ಗುಣಗಳ ಪ್ರಭಾವ ಚೆನ್ನಾಗಿಯೇ ಕಾಣುತ್ತದೆ, ನಿಜ. ಆದರೂ ಒಬ್ಬ ವಿದ್ಯಾರ್ಥಿಯ ಪ್ರಶ್ನಾವಳಿ ನೋಡಿ 'ನೀನು ಗೇಮ್‌ಗೆ ದಾಸನಾಗ್ತೀಯ' ಅಂತ ಭವಿಷ್ಯ ಹೇಳುವಷ್ಟು ಬಲ ಯಾವ ಪರೀಕ್ಷೆಗೂ ಇಲ್ಲ. ಯಾರಾದರೂ ಹಾಗೆ ಹೇಳಿದರೆ ನಂಬಬೇಡಿ.

ಇನ್ನೊಂದು ವಿಷಯ. ನಾವು ಕೆಟ್ಟದ್ದು ಎನ್ನುವ ಗುಣಗಳೇ ಆಟಕ್ಕೆ ಸಿಕ್ಕಿಸುತ್ತವೆ ಎಂದೇನಿಲ್ಲ. ಒಳ್ಳೆಯ ಗುಣಗಳೂ ಸಿಕ್ಕಿಸುತ್ತವೆ. ಇದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆನ್‌ಲೈನ್ ಮ್ಯಾಚನ್ನು ನಡುವೆ ನಿಲ್ಲಿಸಲು ಆಗುವುದಿಲ್ಲ. ಪಾಜ್ ಬಟನ್ ಇಲ್ಲ. ಒಬ್ಬ ಎದ್ದು ಹೋದರೆ ಟೀಮಿನ ಉಳಿದವರು ಸೋಲುತ್ತಾರೆ. ಈಗ ಹೇಳಿ, ನಡುರಾತ್ರಿ 'ಇನ್ನೊಂದೇ ಮ್ಯಾಚ್ ಮಗಾ, ಒಬ್ಬ ಕಡಿಮೆ ಆಗ್ತಾನೆ' ಅಂತ ಗೆಳೆಯ ಅಂದರೆ ಯಾರು ಇಲ್ಲ ಅನ್ನುತ್ತಾರೆ? ಜಗಳಗಂಟ ಸಲೀಸಾಗಿ ಆಗಲ್ಲ ಅಂದು ಮಲಗುತ್ತಾನೆ. ಯಾರ ಮನಸ್ಸನ್ನೂ ನೋಯಿಸಲಾರದವನು ಎರಡು ಗಂಟೆ ತನಕ ಕೂರುತ್ತಾನೆ. ಮರುದಿನ ಮೊದಲ ಕ್ಲಾಸಿಗೆ ಬರದವನನ್ನು ನಾವು ಸೋಮಾರಿ ಅನ್ನುತ್ತೇವೆ. ಅವನನ್ನು ಅಲ್ಲಿ ಹಿಡಿದು ಕೂರಿಸಿದ್ದು ಅವನ ದಾಕ್ಷಿಣ್ಯ.

ಅಚ್ಚುಕಟ್ಟು ಕೂಡ ಹಾಗೇ. ದಿನಾ ಲಾಗಿನ್ ಆದರೆ ಬಹುಮಾನ, ಈ ವಾರದ ಟಾಸ್ಕ್ ಮುಗಿಸಿದರೆ ಇನ್ನೊಂದು, ಒಂದು ದಿನ ತಪ್ಪಿದರೆ ಸ್ಟ್ರೀಕ್, ಅಂದರೆ ದಿನವೂ ತಪ್ಪದೆ ಆಡಿದ ಲೆಕ್ಕ ಹೋಯಿತು. ಹಿಡಿದ ಕೆಲಸ ಬಿಡದ ಸ್ವಭಾವದ ವಿದ್ಯಾರ್ಥಿನಿಗೆ ಇದು ಹೋಮ್‌ವರ್ಕಿನಂತೆ ತಲೆ ಮೇಲೆ ಕೂರುತ್ತದೆ. ಆಸೆಯೇ ಇಲ್ಲದಿದ್ದರೂ 'ಇವತ್ತಿನ ಡೈಲಿ ಮುಗಿಸ್ಬೇಕು' ಅಂತ ಫೋನ್ ತೆಗೆಯುತ್ತಾಳೆ. ಆ ಮಾತಿನಲ್ಲಿ ಆಟ ಎಲ್ಲಿದೆ? ಅದು ಡ್ಯೂಟಿ ಆಯಿತು.

ಆಟ ಡ್ಯೂಟಿ ಆಗುವುದು ಹೇಗೆ ಎಂಬುದಕ್ಕೆ ಒಂದು ಹಳೆಯ ಪ್ರಯೋಗ ಇದೆ. ಅದೂ ಕಾಲೇಜು ವಿದ್ಯಾರ್ಥಿಗಳ ಮೇಲೆಯೇ ನಡೆದದ್ದು. ಎಡ್ವರ್ಡ್ ಡೆಸಿ ಎಂಬ ಮನಶ್ಶಾಸ್ತ್ರಜ್ಞರು ಮಾಡಿ 1971ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಸೋಮಾ ಎಂಬ ಒಗಟು ಕೊಟ್ಟರು. ಏಳು ತುಂಡುಗಳು, ಜೋಡಿಸಿ ಬೇರೆ ಬೇರೆ ಆಕಾರ ಮಾಡಬೇಕು. ಮೂರು ಸಲ ಕರೆದರು. ಪ್ರತಿ ಸಲವೂ ಮಧ್ಯದಲ್ಲಿ ಡೆಸಿ ಏನೋ ನೆಪ ಹೇಳಿ ಎಂಟು ನಿಮಿಷ ಹೊರಗೆ ಹೋಗುತ್ತಿದ್ದರು. ಕೋಣೆಯಲ್ಲಿ ಓದಲು ಪತ್ರಿಕೆಗಳಿದ್ದವು. ವಿದ್ಯಾರ್ಥಿ ಏನು ಬೇಕಾದರೂ ಮಾಡಬಹುದು. ಒಗಟು ಆಡಬಹುದು, ಓದಬಹುದು, ಸುಮ್ನೆ ಕೂರಬಹುದು. ಆ ಎಂಟು ನಿಮಿಷದಲ್ಲಿ ಯಾರೂ ಹೇಳದಿದ್ದರೂ ಎಷ್ಟು ಹೊತ್ತು ಒಗಟಿಗೆ ಕೈ ಹಾಕುತ್ತಾನೆ ಎಂದು ಮರೆಯಿಂದ ನೋಡಿ ಬರೆದುಕೊಳ್ಳುತ್ತಿದ್ದರು. ಇಡೀ ಪ್ರಯೋಗದ ಜಾಣತನ ಇರುವುದು ಆ ಎಂಟು ನಿಮಿಷದಲ್ಲಿ.

ಎರಡನೇ ಸಲ ಒಂದು ಗುಂಪಿಗೆ ಮಾತ್ರ, ಬಿಡಿಸಿದ ಪ್ರತಿ ಒಗಟಿಗೆ ಒಂದು ಡಾಲರ್ ಎಂದರು. ಮೂರನೇ ಸಲ ದುಡ್ಡು ನಿಲ್ಲಿಸಿದರು. ದುಡ್ಡು ಪಡೆದಿದ್ದ ಗುಂಪು ಈಗ ಬಿಡುವಿನಲ್ಲಿ ಒಗಟು ಮುಟ್ಟುವುದು ಮೊದಲ ಸಲಕ್ಕಿಂತ ಕಡಿಮೆಯಾಯಿತು. ಖುಷಿಗೆ ಆಡುತ್ತಿದ್ದವರಿಗೆ ಕೂಲಿ ತೋರಿಸಿ ಕಿತ್ತುಕೊಂಡ ಮೇಲೆ ಖುಷಿಯೂ ಇಳಿಯಿತು. ಆ ಪ್ರಯೋಗ ಚಿಕ್ಕದು, ಅದೊಂದನ್ನೇ ನೆಚ್ಚಿಕೊಳ್ಳಬೇಕಿಲ್ಲ. 1999ರಲ್ಲಿ ಡೆಸಿ ಮತ್ತು ಸಂಗಡಿಗರು ಇಂಥ 128 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ, ಮೊದಲೇ ಆಸೆ ಹುಟ್ಟಿಸಿ ಕೊಡುವ ಬಹುಮಾನ ಒಳಗಿನ ಆಸಕ್ತಿಯನ್ನು ತಗ್ಗಿಸುತ್ತದೆ ಎಂದೇ ಕಂಡಿತು.

ಡೆಸಿ ಮತ್ತು ರಿಚರ್ಡ್ ರಯಾನ್ ಸೇರಿ ಇದನ್ನು ಒಂದು ದೊಡ್ಡ ಸಿದ್ಧಾಂತವಾಗಿ ಬೆಳೆಸಿದರು. ಮನುಷ್ಯನಿಗೆ ಮೂರು ಬೇಕುಗಳಿವೆ ಎನ್ನುತ್ತದೆ ಅದು. ನನ್ನ ಇಷ್ಟದಂತೆ ಮಾಡುತ್ತಿದ್ದೇನೆ ಅನ್ನಿಸಬೇಕು. ನನ್ನ ಕೈಲಿ ಆಗುತ್ತದೆ ಅನ್ನಿಸಬೇಕು. ನನ್ನವರು ಅಂತ ಕೆಲವರು ಇರಬೇಕು. 2006ರಲ್ಲಿ ರಯಾನ್, ರಿಗ್ಬಿ ಮತ್ತು ಪ್ರಶಿಬಿಲ್‌ಸ್ಕಿ ಇದೇ ಮೂರನ್ನು ವಿಡಿಯೋ ಗೇಮಿಗೆ ಅನ್ವಯಿಸಿ ನೋಡಿದರು. ಆಟದಲ್ಲಿ ಈ ಬೇಕುಗಳು ಎಷ್ಟು ಈಡೇರುತ್ತವೋ ಅಷ್ಟು ಆಟ ಹಿಡಿಸುತ್ತದೆ ಎಂದು ಕಂಡಿತು.

ಮೇಷ್ಟ್ರುಗಳೇ, ಇಲ್ಲಿ ನಿಮ್ಮನ್ನು ಒಂದು ಮಾತು ಕೇಳುತ್ತೇನೆ. ಕಾಲೇಜಿನಲ್ಲಿ ಈ ಮೂರರ ಗತಿ ಏನು? ವಿಷಯ ಆರಿಸುವುದು ಬಹಳ ಸಲ ಮನೆಯವರು, ಇಲ್ಲವೇ ರ್ಯಾಂಕ್ ಪಟ್ಟಿ. ಇಂಟರ್ನಲ್ಸ್ ಬರೆದು ವಾರಗಟ್ಟಲೆ ಆದರೂ ಪೇಪರ್ ಕೈಗೆ ಬರುವುದಿಲ್ಲ, ಬಂದರೂ ಎಲ್ಲಿ ತಪ್ಪಿತು ಎಂದು ಯಾರೂ ಕೂತು ಹೇಳುವುದಿಲ್ಲ. ದೊಡ್ಡ ಕ್ಲಾಸಿನಲ್ಲಿ ಹಿಂದಿನ ಬೆಂಚಿನವನ ಹೆಸರು ಸೆಮಿಸ್ಟರ್ ಮುಗಿಯುವವರೆಗೂ ಗೊತ್ತಾಗುವುದಿಲ್ಲ. ಅದೇ ಹುಡುಗ ಆಟಕ್ಕೆ ಹೋದರೆ, ಬೇಕಾದ ಪಾತ್ರ ಅವನೇ ಆರಿಸುತ್ತಾನೆ. ತಪ್ಪು ಮಾಡಿದರೆ ಆ ಕ್ಷಣವೇ ಗೊತ್ತಾಗುತ್ತದೆ, ಮತ್ತೆ ಪ್ರಯತ್ನಿಸಲು ಅಡ್ಡಿಯಿಲ್ಲ. ಬರದಿದ್ದರೆ 'ಎಲ್ಲಿ ಹೋದ್ಯೋ' ಅಂತ ನಾಲ್ಕು ಜನ ಕೇಳುತ್ತಾರೆ. ಅವನು ಎಲ್ಲಿಗೆ ವಾಲುತ್ತಾನೆ ಎಂಬುದರಲ್ಲಿ ಆಶ್ಚರ್ಯ ಏನಿದೆ? ಆಟವನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಆಟ ಕಟ್ಟುವವರು ಈ ಮೂರು ಬೇಕುಗಳನ್ನು ಚೆನ್ನಾಗಿ ಓದಿಕೊಂಡಿದ್ದಾರೆ. ನಾವೂ ಓದಿಕೊಳ್ಳಬೇಕು ಎಂದು ನನ್ನ ಆಸೆ.

ಅವರು ಇನ್ನೊಂದನ್ನೂ ಓದಿಕೊಂಡಿದ್ದಾರೆ. ಬಹುಮಾನ ಯಾವಾಗ ಬರುತ್ತದೆ ಎಂದು ಗೊತ್ತಿಲ್ಲದಿದ್ದರೆ ಪ್ರಾಣಿ ಬಿಡದೆ ಗುಂಡಿ ಒತ್ತುತ್ತಲೇ ಇರುತ್ತದೆ ಎಂದು ಫರ್ಸ್ಟರ್ ಮತ್ತು ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞರು 1957ರ ಹೊತ್ತಿಗೇ ವಿವರವಾಗಿ ತೋರಿಸಿದ್ದರು. ದುಡ್ಡು ಕೊಟ್ಟು ಪೆಟ್ಟಿಗೆ ತೆರೆದು, ಒಳಗೆ ಯಾವ ಸ್ಕಿನ್ (ಆಟದ ಪಾತ್ರಕ್ಕೆ ತೊಡಿಸುವ ವೇಷ) ಬರುತ್ತದೋ ಎಂದು ಕಾಯುವ ಲೂಟ್ ಬಾಕ್ಸ್ ನಡೆಯುವುದು ಇದೇ ತತ್ವದ ಮೇಲೆ. 2018ರಲ್ಲಿ ಬೆಲ್ಜಿಯಂನ ನಿಯಂತ್ರಕರು ಕೆಲವು ಲೂಟ್ ಬಾಕ್ಸ್‌ಗಳು ಜೂಜಿನ ಕಾನೂನಿಗೆ ವಿರುದ್ಧ ಎಂದರು. ನನಗಂತೂ ಅದು ಸರಿಯಾದ ಹೆಜ್ಜೆ ಅನ್ನಿಸುತ್ತದೆ.

ಕಾರಣಗಳ ಅಳತೆಗೆ ಬರೋಣ. 2006ರಲ್ಲಿ ನಿಕ್ ಯೀ ಎಂಬ ಸಂಶೋಧಕರು ಸುಮಾರು 3000 ಆನ್‌ಲೈನ್ ಆಟಗಾರರ ಉತ್ತರಗಳನ್ನು ಲೆಕ್ಕಕ್ಕೆ ಹಾಕಿ ನೋಡಿದರು. ಬಾರ್ಟಲ್ ಹೇಳಿದ ನಾಲ್ಕು ಬಗೆ ಅಲ್ಲಿ ಹಾಗೇ ನಿಲ್ಲಲಿಲ್ಲ. ಹತ್ತು ಸಣ್ಣ ಕಾರಣಗಳು ಸಿಕ್ಕವು, ಅವು ಸಾಧನೆ, ಸಂಗ, ತಲ್ಲೀನತೆ ಎಂಬ ಮೂರು ಗುಂಪಾದವು. ಮುಖ್ಯವಾದ ಸಂಗತಿ ಎಂದರೆ, ಒಂದು ಕಾರಣ ಇದ್ದರೆ ಇನ್ನೊಂದು ಇರಬಾರದು ಎಂದಿಲ್ಲ. ಒಬ್ಬಳೇ ಹುಡುಗಿ ಗೆಲ್ಲಲೂ ಆಡಬಹುದು, ಗೆಳತಿಯರಿಗಾಗಿಯೂ ಆಡಬಹುದು. 2011ರಲ್ಲಿ ಹಂಗೇರಿಯ ಜೋಲ್ಟ್ ಡೆಮೆಟ್ರೋವಿಚ್ ಮತ್ತು ಸಂಗಡಿಗರು 27 ಪ್ರಶ್ನೆಗಳ ಒಂದು ಪಟ್ಟಿ ಮಾಡಿ ಏಳು ಕಾರಣ ಗುರುತಿಸಿದರು. ಸಂಗ, ಸ್ಪರ್ಧೆ, ಕೌಶಲ, ಕಲ್ಪನೆ, ಮನರಂಜನೆ, ಮನಸ್ಸಿನ ಭಾರ ಇಳಿಸಿಕೊಳ್ಳುವುದು, ತಪ್ಪಿಸಿಕೊಂಡು ಓಡುವುದು. ಕೊನೆಯ ಎರಡು ಒಂದೇ ಥರ ಕೇಳುತ್ತವೆ ಅಲ್ವಾ? ಒಂದೇ ಅಲ್ಲ. ಪರೀಕ್ಷೆ ಬರೆದು ಬಂದು ಒಂದು ಗಂಟೆ ಆಡಿ, ಹಗುರಾಗಿ, ನಾಳೆಯ ಪರೀಕ್ಷೆಗೆ ಓದಲು ಕೂರುವುದು ಭಾರ ಇಳಿಸಿಕೊಳ್ಳುವುದು. ನಾಳೆಯ ಪರೀಕ್ಷೆಯೇ ನೆನಪಾಗಬಾರದು ಎಂದು ಆಡುವುದು ಓಡುವುದು.

2015ರಲ್ಲಿ ಅದೇ ತಂಡದವರು ಇನ್ನೊಂದು ಕೊಂಡಿ ತೋರಿಸಿದರು. ಮನಸ್ಸಿನ ಬೇಗೆಗೂ ಆಟ ಸಮಸ್ಯೆಯಾಗುವುದಕ್ಕೂ ಇರುವ ನಂಟಿನ ನಡುವೆ ಈ ಕಾರಣಗಳು ನಿಂತಿವೆ, ಅದರಲ್ಲೂ ಓಡುವುದು ಮತ್ತು ಸ್ಪರ್ಧೆ. ಕಳವಳದ ಸ್ವಭಾವ ಇದ್ದ ಮಾತ್ರಕ್ಕೆ ಕತೆ ಮುಗಿಯಲಿಲ್ಲ. ಆ ಕಳವಳ ಆಟವನ್ನು ಯಾವುದಕ್ಕೆ ಬಳಸಿಕೊಳ್ಳುತ್ತದೆ ಎಂಬುದರಲ್ಲಿ ವಿಷಯ ಇದೆ. ಹಾಗೆಂದು ಇದನ್ನೇ ಕಾರಣ, ಇದನ್ನೇ ಪರಿಣಾಮ ಎಂದು ಅಡಿಗೆರೆ ಎಳೆದು ಹೇಳುವ ಹಾಗಿಲ್ಲ. ಇಂಥ ಸರ್ವೆಗಳು ಒಂದೇ ಹೊತ್ತಿನಲ್ಲಿ ಕೇಳಿದ ಪ್ರಶ್ನೆಗಳು. ಓಡಿದ್ದರಿಂದ ಬೇಗೆ ಹೆಚ್ಚಾಯಿತೋ, ಬೇಗೆಯಿಂದ ಓಟ ಹೆಚ್ಚಾಯಿತೋ, ಎರಡೂ ಇರಬಹುದು.

ಗಂಟೆ ಲೆಕ್ಕ ಹೆಚ್ಚೇನೂ ಹೇಳುವುದಿಲ್ಲ ಎಂದಾಗ ಪೋಷಕರ ಮುಖದಲ್ಲಿ ಅನುಮಾನ ಕಾಣುತ್ತಿದೆ. ಅದಕ್ಕೊಂದು ಆಧಾರ ಕೊಡುತ್ತೇನೆ. 2022ರಲ್ಲಿ ಆಕ್ಸ್‌ಫರ್ಡ್ ಸಂಶೋಧಕರು ಏಳು ಆಟಗಳ ಸುಮಾರು 39,000 ಆಟಗಾರರ ಅಧ್ಯಯನ ಪ್ರಕಟಿಸಿದರು. ಎಷ್ಟು ಹೊತ್ತು ಆಡಿದಿರಿ ಎಂದು ಬಾಯಿಮಾತಿನಲ್ಲಿ ಕೇಳಲಿಲ್ಲ. ಆಟಗಾರರ ಒಪ್ಪಿಗೆ ಪಡೆದು ಆಟದ ಕಂಪನಿಗಳಿಂದಲೇ ಲಾಗ್ ತರಿಸಿಕೊಂಡರು. ಆಡಿದ ಹೊತ್ತಿಗೂ ಮನಸ್ಸಿನ ನೆಮ್ಮದಿಗೂ ಹೇಳಿಕೊಳ್ಳುವಂಥ ಸಂಬಂಧ ಸಿಗಲಿಲ್ಲ. ನೆಮ್ಮದಿಯ ಜೊತೆ ನಂಟು ಕಂಡದ್ದು ಯಾಕೆ ಆಡುತ್ತಾರೆ ಎಂಬುದಕ್ಕೆ. ಆಡಬೇಕು ಎಂಬ ಮನಸ್ಸಿನಿಂದ ಆಡುವವರ ನೆಮ್ಮದಿ ಚೆನ್ನಾಗಿತ್ತು. ಆಡಲೇಬೇಕು ಎಂಬ ಒತ್ತಾಯಕ್ಕೆ ಆಡುವವರದು ಅಷ್ಟು ಚೆನ್ನಾಗಿರಲಿಲ್ಲ. ನಿದ್ದೆ ಮತ್ತು ಹಾಜರಿಯ ಲೆಕ್ಕ ಬೇರೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ರಾತ್ರಿಯ ಗಂಟೆಗಳು ಎಲ್ಲಿಂದಲೋ ಬರಲೇಬೇಕು. ಬಹುತೇಕ ನಿದ್ದೆಯಿಂದಲೇ ಬರುತ್ತವೆ.

ಬೇಕು ಮತ್ತು ಬೇಕೇಬೇಕು, ಇವೆರಡರ ನಡುವಿನ ಗೆರೆಯನ್ನು ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ವಲೆರಾಂಡ್ 2003ರಲ್ಲಿ ಚೆನ್ನಾಗಿ ತೋರಿಸಿದ್ದರು. ಅವರು ಸೈಕಲ್ ಹುಚ್ಚಿನವರನ್ನೂ ನೋಡಿದರು. ಕ್ವಿಬೆಕ್‌ನ ಚಳಿಗಾಲದಲ್ಲಿ ರಸ್ತೆ ಹಿಮಗಟ್ಟಿ ಅಪಾಯವಾಗಿದ್ದಾಗಲೂ ಸೈಕಲ್ ಬಿಡದವರಲ್ಲಿ, ಆ ಹುಚ್ಚನ್ನು ತಾನು ಹಿಡಿದಿರುವವರಿಗಿಂತ ಹುಚ್ಚೇ ತನ್ನನ್ನು ಹಿಡಿದಿರುವವರೇ ಹೆಚ್ಚು. ಎರಡೂ ಕಡೆಯವರಿಗೆ ಸೈಕಲ್ ಮೇಲೆ ಪ್ರೀತಿ ಇತ್ತು. ಬಿಡಬೇಕಾದಾಗ ಬಿಡಲು ಆಗುತ್ತದೋ ಇಲ್ಲವೋ ಎಂಬುದರಲ್ಲಿ ಬೇರೆಯಾದರು.

ಕಾಯಿಲೆ ಎಂದು ಯಾವಾಗ ಹೇಳಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ 2019ರಲ್ಲಿ ಒಪ್ಪಿಗೆಯಾಗಿ 2022ರ ಜನವರಿಯಿಂದ ಜಾರಿಗೆ ಬಂತು. ಅದರಲ್ಲಿ ಗೇಮಿಂಗ್ ಡಿಸಾರ್ಡರ್ ಇದೆ. ಆಟದ ಮೇಲೆ ಹತೋಟಿ ತಪ್ಪಿರಬೇಕು, ಬೇರೆಲ್ಲದಕ್ಕಿಂತ ಆಟವೇ ಮುಂದಾಗಿರಬೇಕು, ಹಾನಿ ಆಗುತ್ತಿದ್ದರೂ ಮುಂದುವರಿಸುತ್ತಿರಬೇಕು. ಇದರಿಂದ ಓದು, ಮನೆ, ಸ್ನೇಹ ನಿಜಕ್ಕೂ ಕೆಟ್ಟಿರಬೇಕು, ಮತ್ತು ಇದು ಸಾಮಾನ್ಯವಾಗಿ 12 ತಿಂಗಳಾದರೂ ನಡೆದಿರಬೇಕು. ರಜೆಯ ಒಂದು ತಿಂಗಳು ಹುಚ್ಚು ಹಿಡಿದಂತೆ ಆಡಿದ ಹುಡುಗ ರೋಗಿ ಅಲ್ಲ. ದಯವಿಟ್ಟು ಆ ಪದವನ್ನು ಮನೆಯ ಜಗಳದಲ್ಲಿ ಬಳಸಬೇಡಿ.

ಕೊನೆಗೆ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತಿದ್ದೇನೆ.

ವಿದ್ಯಾರ್ಥಿನಿಯೊಬ್ಬರು ಕೇಳಿದರು: 'ಕ್ಲಾಸಲ್ಲಿ ನನಗೆ ಬಾಯೇ ಬರಲ್ಲ ಸರ್. ಗೇಮಲ್ಲಿ ಮಾತ್ರ ನಾನು ಟೀಮ್ ಲೀಡ್ ಮಾಡ್ತೀನಿ. ಹಾಗಾದ್ರೆ ಅದು ನಿಜವಾದ ನಾನಲ್ವಾ?'

ಅದೂ ನೀವೇ. ನಿಕ್ ಯೀ ಮತ್ತು ಜೆರೆಮಿ ಬೇಲೆನ್ಸನ್ 2007ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೃತಕ ಲೋಕದಲ್ಲಿ ಎತ್ತರದ ದೇಹ ಸಿಕ್ಕವರು ಹಣ ಹಂಚಿಕೊಳ್ಳುವ ಚೌಕಾಸಿಯಲ್ಲಿ ಹೆಚ್ಚು ಗಟ್ಟಿಯಾಗಿ ನಿಂತರು. ಹೊರಗಿನ ವೇಷ ಬದಲಾದರೆ ಒಳಗೆ ಇದ್ದದ್ದೇ ಬೇರೆ ರೀತಿಯಲ್ಲಿ ಹೊರಬರುತ್ತದೆ. ಐದು ಜನರನ್ನು ಒಟ್ಟಿಗೆ ಇಟ್ಟುಕೊಂಡು, ಯಾರು ಎಲ್ಲಿ ನಿಲ್ಲಬೇಕು ಎಂದು ಹೇಳಿ, ಸೋತಾಗ ಸಮಾಧಾನ ಮಾಡುತ್ತೀರಿ. ಅದು ಕೆಲಸಕ್ಕೆ ಬರುವ ವಿದ್ಯೆ. ಮುಂದಿನ ಗ್ರೂಪ್ ಪ್ರಾಜೆಕ್ಟಿನಲ್ಲಿ ಕೆಲಸ ಹಂಚುವುದನ್ನು ನೀವೇ ವಹಿಸಿಕೊಳ್ಳಿ. ಇನ್ನೊಂದು ಮಾತು ಇಲ್ಲಿರುವ ಹುಡುಗರಿಗೆ. ವಾಯ್ಸ್ ಚಾಟ್‌ನಲ್ಲಿ ಹೆಣ್ಣಿನ ದನಿ ಕೇಳಿದ ಕೂಡಲೇ ಶುರುವಾಗುವ ಹೊಲಸು ಮಾತಿಗೆ ಹೆದರಿ ಎಷ್ಟೋ ಹುಡುಗಿಯರು ಮೈಕ್ ಆಫ್ ಮಾಡಿಕೊಂಡೇ ಆಡುತ್ತಾರೆ. ಸಂಗಕ್ಕಾಗಿ ಬಂದವರಿಗೆ ಸಂಗವೇ ಸಿಗದಂತೆ ಮಾಡುವುದು ಇದು. ನಿಮ್ಮ ಸ್ಕ್ವಾಡ್‌ನಲ್ಲಿ ಯಾರಾದರೂ ಹಾಗೆ ಮಾತಾಡಿದರೆ ಅಲ್ಲೇ ನಿಲ್ಲಿಸಿ.

ಅಧ್ಯಾಪಕರೊಬ್ಬರು, ರಾತ್ರಿ ಹನ್ನೊಂದಕ್ಕೆ ಹಾಸ್ಟೆಲ್ ವೈಫೈ ಬಂದ್ ಮಾಡಿದರೆ ಸಾಲದೇ ಎಂದು ಕೇಳಿದರು.

ನಿದ್ದೆಯ ದೃಷ್ಟಿಯಿಂದ ಮಾಡಬಹುದು. ಆದರೆ ಮೊಬೈಲ್ ಡೇಟಾ ಇದ್ದೇ ಇದೆ. ಚೀನಾ 2021ರಲ್ಲಿ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ಮಾತ್ರ, ರಾತ್ರಿ 8ರಿಂದ 9ರವರೆಗೆ ಎಂದು ಕಟ್ಟು ಹಾಕಿತು. ಅದೂ 18 ತುಂಬದವರಿಗೆ. ಕಾಲೇಜಿನವರು ಆ ಕಟ್ಟಿನ ಹೊರಗೆ ಉಳಿದರು. ಈ ವಯಸ್ಸಿನವರಿಗೆ ಬೀಗ ಹಾಕಿ ಕಾಯಲು ಆಗುವುದಿಲ್ಲ, ಅವರ ಕೈಗೇ ಬೀಗದ ಕೈ ಕೊಡಬೇಕು. ಕಾಲೇಜಿನಲ್ಲೇ ಒಂದು ಗೇಮಿಂಗ್ ಕ್ಲಬ್ ಮಾಡಿ, ಸಂಜೆ ಹೊತ್ತು ಟೂರ್ನಮೆಂಟ್ ಇಡಿ ಎಂದು ಸಲಹೆ ಕೊಡುತ್ತೇನೆ. ಸ್ಪರ್ಧೆಗೆ ಬಂದವನಿಗೆ ಸ್ಪರ್ಧೆ ಸಿಗುತ್ತದೆ, ಸಂಗಕ್ಕೆ ಬಂದವನಿಗೆ ಎದುರಿಗೆ ಕೂತ ಮನುಷ್ಯ ಸಿಗುತ್ತಾನೆ. ರಾತ್ರಿಯೂ ಉಳಿಯುತ್ತದೆ.

ಕೊನೆಯದಾಗಿ ತಾಯಿಯೊಬ್ಬರು ಎದ್ದು ನಿಂತರು. 'ಮಗನನ್ನು ಏನು ಕೇಳಿದರೂ ಬಾಗಿಲು ಹಾಕ್ಕೊಳ್ತಾನೆ. ಫೋನ್ ಕಿತ್ಕೊಂಡುಬಿಡೋಣ ಅನ್ಸುತ್ತೆ' ಎಂದರು.

ಅಮ್ಮಾ, ಮ್ಯಾಚ್ ನಡುವೆ ಕೇಳಬೇಡಿ. ಮುಗಿದ ಮೇಲೆ ಕೇಳಿ. ಮೊದಲ ಪ್ರಶ್ನೆ 'ಎಷ್ಟು ಹೊತ್ತಾಯ್ತು' ಅಂತ ಆಗಬಾರದು. 'ಯಾರ ಜೊತೆ ಆಡ್ತಿದ್ದೆ' ಅಂತ ಕೇಳಿ. ಹೆಸರುಗಳು ಬಂದರೆ, ಅವರ ಸುದ್ದಿ ಬಂದರೆ, ಅರ್ಧ ಭಯ ಬಿಡಿ. ಮೊದಲು ಜೊತೆ ಆಡುತ್ತಿದ್ದ ಗೆಳೆಯರನ್ನೂ ಬಿಟ್ಟು ಗುರುತಿಲ್ಲದವರ ಜೊತೆ ಆಡುತ್ತಿದ್ದಾನೆ, ಊಟ ತಿಂಡಿ ಏರುಪೇರಾಗಿದೆ, ಕ್ಲಾಸು ತಪ್ಪುತ್ತಿದೆ ಎಂದಾದರೆ, ಆಟದ ಆಚೆ ಏನೋ ಆಗಿದೆ ಎಂದು ತಿಳಿಯಿರಿ. 2014ರಲ್ಲಿ ಡೇನಿಯಲ್ ಕಾರ್ಡೆಫೆಲ್ಟ್ ವಿಂಥರ್ ಎಂಬ ಸಂಶೋಧಕರು ಇದನ್ನೇ ವಾದಿಸಿದರು. ಇಂಥ ಅತಿಬಳಕೆಯಲ್ಲಿ ಎಷ್ಟೋ ಸಲ ಬದುಕಿನಲ್ಲಿ ಇಲ್ಲದ್ದನ್ನು, ತಾಳಲಾಗದ್ದನ್ನು ತುಂಬಿಸಿಕೊಳ್ಳುವ ಪ್ರಯತ್ನ ಇರುತ್ತದೆ ಎಂದರು. ಆಗ ಫೋನ್ ಕಿತ್ತುಕೊಂಡರೆ ಅವನ ಬಳಿ ಉಳಿಯುವುದು ತಾಳಲಾಗದ ಆ ವಿಷಯ ಒಂದೇ. ಅದು ಪರೀಕ್ಷೆಯ ವಿಷಯವೇ ಆಗಿದ್ದರೆ, ಹೋದ ಪೇಪರ್ ಯಾವುದು, ಮರುಪರೀಕ್ಷೆಗೆ ಅರ್ಜಿ ಹಾಕುವ ಕೊನೆಯ ದಿನ ಯಾವುದು, ಯಾವ ಮೇಷ್ಟ್ರ ಹತ್ತಿರ ಹೋಗಬೇಕು, ಇದನ್ನು ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ಒಬ್ಬರೇ ಆಗದು ಅನ್ನಿಸಿದರೆ ಆಪ್ತ ಸಮಾಲೋಚಕರ ಹತ್ತಿರ ಅವನ ಜೊತೆಗೇ ಹೋಗಿ. ಫೋನಿನ ಮಾತು ಅದಾದ ಮೇಲೆ ತೆಗೆಯಬಹುದು.